ಒಂದು ಮೊರ ತೌಡಿನ ಹೆಸರು

ಎಪ್ಪತ್ತರ ದಶಕದ ನಡುವೆ ನಾನು ಹೊಸದುರ್ಗದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಪಾಠ ಹೇಳುತ್ತಿದ್ದೆ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಹುಡುಗರು ಕಿಟಕಿಯಾಚೆಯ ತೆಂಗಿನ ತೋಟ ನೋಡುತ್ತಿದ್ದರು, ನಾನು ಪಠ್ಯ ಮುಚ್ಚಿಟ್ಟು ಪದಗಳ ಹುಟ್ಟು ಹೇಳುತ್ತಿದ್ದೆ. ಎಂ.ಎ. ಮುಗಿಸಿ ಬಂದ ಹೊಸತು. ಯಾವ ಪದ ಕಿವಿಗೆ ಬಿದ್ದರೂ ಅದರ ಹೊಟ್ಟೆ ಸೀಳಿ ಒಳಗೇನಿದೆ ಎಂದು ನೋಡದೆ ಬಿಡುತ್ತಿರಲಿಲ್ಲ. ಹೋಟೆಲಿನಲ್ಲಿ ಇಡ್ಲಿ ಬಂದರೆ ಇಡ್ಲಿಯ ಮೂಲ, ಕ್ಷೌರದ ಅಂಗಡಿಯಲ್ಲಿ ಕೂತರೆ ಕತ್ತರಿಯ ಮೂಲ. ಕೈಯಲ್ಲಿ ಕತ್ತರಿ ಹಿಡಿದವನಿಗೆ ಕತ್ತರಿಯ ಮೂಲ ಹೇಳುವುದು ಬುದ್ಧಿವಂತರ ಲಕ್ಷಣವಲ್ಲ ಎಂದು ಈಗ ಗೊತ್ತು. ಆ ಕಾಲದ ನನ್ನ ಫೋಟೋಗಳಲ್ಲೆಲ್ಲ ಒಂದು ಕಿವಿಯ ಮೇಲಿನ ಕೂದಲು ಇನ್ನೊಂದಕ್ಕಿಂತ ಮೇಲಿದೆ.

ಆಗ ನಾನು ಕೈಹಾಕಿದ್ದ ಅತಿ ದೊಡ್ಡ ಬೇಟೆ ಎಂದರೆ ತಿಪ್ಪೇಸ್ವಾಮಿ. ಮನುಷ್ಯನಲ್ಲ, ಹೆಸರು. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ತಿಪ್ಪೇಸ್ವಾಮಿ ಎಂಬ ಸಂತನ ಹೆಸರಿಲ್ಲದ ಮನೆಯನ್ನು ಹುಡುಕಬೇಕು. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು "ತಿಪ್ಪೇಸ್ವಾಮೀ" ಎಂದು ಕೂಗಿದರೆ ಕಂಡಕ್ಟರು ತಿರುಗಿ ನೋಡುತ್ತಾನೆ, ಟೀ ಅಂಗಡಿಯವನು ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಾನೆ, ಬಸ್ಸಿನ ಟಾಪಿನ ಮೇಲೆ ಮೂಟೆ ಜೋಡಿಸುತ್ತಿರುವವನು ಅಲ್ಲಿಂದಲೇ "ಏನ್ರೀ?" ಎನ್ನುತ್ತಾನೆ. ಹೆಣ್ಣಾದರೆ ತಿಪ್ಪಮ್ಮ, ತಿಪ್ಪಕ್ಕ. ಸ್ವಲ್ಪ ಗತ್ತಿನ ಮನೆಯಾದರೆ ತಿಪ್ಪೇರುದ್ರಪ್ಪ. ಆಗಷ್ಟೇ ಪೇಟೆ ಸೇರಿದವರಾದರೆ ತಿಪ್ಪೇಶ. ನನಗೆ ಮಾತ್ರ ಈ ಹೆಸರಿರಲಿಲ್ಲ. ಇಲ್ಲದ್ದರಿಂದಲೇ ಅದರ ಬಗ್ಗೆ ಅಷ್ಟೊಂದು ಅಧಿಕಾರದಿಂದ ಮಾತಾಡುತ್ತಿದ್ದೆ ಅನ್ನಿಸುತ್ತದೆ.

ತಿಪ್ಪೆ ಎಂದರೆ ಹಿತ್ತಲಿನಲ್ಲಿ ಸಗಣಿ, ಬೂದಿ, ಕೊಟ್ಟಿಗೆಯ ಕಸ ಎಲ್ಲ ತಂದು ಸುರಿಯುವ ಗುಡ್ಡೆ. ಇಂಥ ಪದ ಒಬ್ಬ ಸಂತನ ಹೆಸರಿಗೆ ಹೇಗೆ ಅಂಟಿಕೊಂಡಿತು? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಸ್ವಾಮಿ ತಿಪ್ಪೆಯ ಮೇಲೆ ಕೂತು ತಪಸ್ಸು ಮಾಡಿದರು ಎಂದು ಕೆಲವರು. ಊರವರು ಕೂರಲು ಜಾಗ ಕೊಡದೆ ತಿಪ್ಪೆ ತೋರಿಸಿದರು, ಸ್ವಾಮಿ ಅದನ್ನೇ ಗದ್ದುಗೆ ಮಾಡಿಕೊಂಡರು ಎಂದು ಇನ್ನು ಕೆಲವರು. ಹೇಳುವವರ ಮುಖದಲ್ಲಿ ಸಂಕೋಚ ಎಂಬುದು ಎಳ್ಳಷ್ಟೂ ಇರುತ್ತಿರಲಿಲ್ಲ. ಸಂಕೋಚವೆಲ್ಲ ನನಗೊಬ್ಬನಿಗೇ. ನಮ್ಮ ಜಿಲ್ಲೆಯ ಸಂತ, ಅವರ ಹೆಸರಿನಲ್ಲಿ ಸಗಣಿ! ಹೊರಗಿನ ವಿದ್ವಾಂಸರು ಏನೆಂದುಕೊಂಡಾರು? ಹೊರಗಿನ ಯಾವ ವಿದ್ವಾಂಸರೂ ನನ್ನನ್ನು ಏನೂ ಕೇಳಿರಲಿಲ್ಲ. ಆದರೂ ಉತ್ತರ ಸಿದ್ಧ ಮಾಡಿಟ್ಟುಕೊಂಡೆ.

ನನ್ನ ಉತ್ತರ ಹೀಗಿತ್ತು. ತಿಪ್ಪೆ ಎಂದರೆ ಮೊದಲಿಗೆ ಕಸವಲ್ಲ, ಎತ್ತರ. ತೆಲುಗಿನಲ್ಲಿ ತಿಪ್ಪ ಎಂದರೆ ದಿಬ್ಬ. ನಮ್ಮ ದಿಬ್ಬ, ತಿಟ್ಟು, ದಿಣ್ಣೆಗಳೆಲ್ಲ ಅದರ ನೆಂಟರಿಷ್ಟರು. ಹೀಗಾಗಿ ತಿಪ್ಪೇಸ್ವಾಮಿ ಎಂದರೆ ಬೆಟ್ಟದೊಡೆಯ. ಇದು ಹೊಳೆದ ದಿನ ನಾನು ಊಟ ಮಾಡಲಿಲ್ಲ, ಅಷ್ಟು ಸಂತೋಷ. ಒಂದು ಭಾನುವಾರ ಸಹೋದ್ಯೋಗಿಯೊಬ್ಬರನ್ನು ಎಳೆದುಕೊಂಡು ಚಂದ್ರವಳ್ಳಿಗೆ ಹೋಗಿ, ಬಂಡೆ ಹತ್ತಿ ನಿಂತು, "ನೋಡಿ, ಇದು ತಿಪ್ಪೆ! ಇಂಥದ್ದಕ್ಕೆ ಒಡೆಯ!" ಎಂದು ಕೈ ಬೀಸಿದೆ. ಸಹೋದ್ಯೋಗಿ ಬುತ್ತಿಯ ಚಿತ್ರಾನ್ನ ಹಳಸೀತು ಎಂಬ ಚಿಂತೆಯಲ್ಲಿದ್ದರು. ಬಂಡೆ ಇಳಿಯುವಾಗ ನಾನು ಕುಂಡೆಯ ಮೇಲೆ ಜಾರಿಕೊಂಡು ಬಂದೆ.

ಅದೇ ಸಹೋದ್ಯೋಗಿಯ ಮಾವನವರು ಹಿರಿಯೂರಿನಲ್ಲಿದ್ದರು, ತೆಲುಗು ಮನೆಮಾತಿನ ಹಿರಿಯರು. ಅವರ ಬಾಯಿಂದಲೇ "ತಿಪ್ಪ ಎಂದರೆ ದಿಬ್ಬ" ಎಂದು ಹೇಳಿಸಿಬಿಟ್ಟರೆ ನನ್ನ ಕಟ್ಟಡಕ್ಕೆ ಛಾವಣಿ ಹೊದಿಸಿದಂತೆ. ಬಸ್ ಹಿಡಿದು ಹೋದೆ. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದು ಕಾಫಿ ತರಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಹೌದ್ರಿ, ದಿಬ್ಬಕ್ಕೂ ತಿಪ್ಪ ಅಂತಾರೆ" ಎಂದರು. ನಾನು ಗೆದ್ದೆ ಎಂದು ಲೋಟ ಎತ್ತುವಷ್ಟರಲ್ಲಿ ಅವರು ಮುಂದುವರಿಸಿದರು. "ಆದ್ರೆ ನಮ್ಮಲ್ಲಿ ಪೆಂಟಯ್ಯ ಅಂತ ಹೆಸರಿಡ್ತಾರೆ, ಪೆಂಟಮ್ಮ ಅಂತ ಇಡ್ತಾರೆ. ಪೆಂಟ ಅಂದ್ರೆ ನಿಮ್ಮ ಕಡೆ ತಿಪ್ಪೆನೇ. ಕಸದ ಗುಡ್ಡೆ. ಹುಟ್ಟಿದ ಕೂಸು ನಿಲ್ದೆ ಇದ್ದೋರ ಮನೇಲಿ ಇಡೋ ಹೆಸರದು. ಅದನ್ನೂ ಬೆಟ್ಟ ಮಾಡ್ತೀರೇನ್ರಿ?" ಅವರು ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ನಾನು ಕಾಫಿ ಪೂರ್ತಿ ಕುಡಿದೆ, ಉಪ್ಪಿಟ್ಟನ್ನೂ ತಿಂದೆ, ಪೆಂಟಯ್ಯನನ್ನು ಮಾತ್ರ ಹಿರಿಯೂರಿನಲ್ಲೇ ಬಿಟ್ಟು ಬಂದೆ. ನನ್ನ ಸಿದ್ಧಾಂತದಲ್ಲಿ ಅವನಿಗೆ ಜಾಗವಿರಲಿಲ್ಲ.

ಹೀಗೆ ನಾನು ಬೆಟ್ಟದ ಮೇಲಿರುವಾಗಲೇ ಊರಿಂದ ಕರೆ ಬಂತು. ನಮ್ಮ ಊರು ಹೊಳಲ್ಕೆರೆಯ ಆಚೆ. ಅವ್ವ ಯಾವುದೇ ಸುದ್ದಿಯನ್ನು ಬಸ್ಸಿನ ಕಂಡಕ್ಟರ ಬಾಯಲ್ಲಿ ಕಳಿಸುತ್ತಿದ್ದಳು. ಆತ ಹೊಸದುರ್ಗದ ನಿಲ್ದಾಣದಲ್ಲಿ, ನನ್ನ ವಿದ್ಯಾರ್ಥಿಗಳ ಎದುರಿನಲ್ಲೇ, ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕೂಗಿದ. "ಮೇಷ್ಟ್ರೇ, ನಿಮ್ಮವ್ವ ಹೇಳ್ಯಾರೆ! ಸೋಮವಾರ ಬೆಳಿಗ್ಗೆ ಕೂಸ್ನ ತಿಪ್ಪೆ ಮ್ಯಾಲೆ ಹಾಕ್ತಾರಂತೆ! ತಪ್ಪಿಸ್ದಂಗೆ ಬರ್ಬೇಕಂತೆ!" ಹುಡುಗರು ನನ್ನನ್ನು ನೋಡಿದ ರೀತಿಗೆ ನಾನು ಬೆಟ್ಟ, ದಿಬ್ಬ ಎಲ್ಲ ಮರೆತು ರೂಮಿಗೆ ಓಡಿದೆ.

ಅದು ನನ್ನ ಅಕ್ಕನ ಕೂಸು. ಅಕ್ಕನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಮನೆಯಲ್ಲಿ ದೊಡ್ಡ ದನಿಯಲ್ಲಿ ನಗುತ್ತಿದ್ದವಳು ಅವಳೊಬ್ಬಳೇ. ಮೊದಲ ಮಗ ಹುಟ್ಟಿದಾಗ ಅವನನ್ನು ಎತ್ತಿಕೊಂಡು ಕೇರಿಯೆಲ್ಲ ತೋರಿಸಿ ಬಂದಳು. ರಾಜ ಎಂದಳು, ಬಂಗಾರ ಎಂದಳು, ಚಿತ್ರದುರ್ಗದ ಸ್ಟುಡಿಯೋಗೆ ಕರೆದೊಯ್ದು ಫೋಟೋ ತೆಗೆಸಿದಳು. ಅಂಬೆಗಾಲಿಡುವ ಮೊದಲೇ ಜ್ವರ ಬಂದು ಅವನು ಹೋದ. ಆಮೇಲೆ ಹುಟ್ಟಿದ ಹೆಣ್ಣುಕೂಸು ಒಂದು ಬೆಳಿಗ್ಗೆ ತೊಟ್ಟಿಲಿನಲ್ಲಿ ಏಳಲೇ ಇಲ್ಲ. ಡಾಕ್ಟರು ಏನೇನೋ ಕಾರಣ ಹೇಳಿದರು. ಅಕ್ಕ ಮಾತ್ರ ತನ್ನದೇ ಕಾರಣ ಕಂಡುಕೊಂಡಳು. ತಾನು ಅಷ್ಟು ಸಂಭ್ರಮ ಪಟ್ಟಿದ್ದಕ್ಕೇ ಜವರಾಯನ ಕಣ್ಣು ಬಿತ್ತು ಎಂದು ಅವಳಿಗೆ ನೂರಕ್ಕೆ ನೂರು ಖಾತ್ರಿಯಾಗಿಬಿಟ್ಟಿತ್ತು.

ಮೂರನೆಯದು ಗಂಡು. ಭಾನುವಾರ ಸಂಜೆ ನಾನು ಮನೆಗೆ ಹೋದಾಗ ಅಕ್ಕ ಗೋಡೆಯ ಕಡೆ ಮುಖ ಮಾಡಿ ಹಾಲೂಡಿಸುತ್ತಿದ್ದಳು. ಕೂಸಿನ ಮುಖದ ಮೇಲೆ ಸೆರಗು. ಕುಡಿದು ಮುಗಿದದ್ದೇ "ಅವ್ವಾ, ತಗಳೆ ಇದನ್ನ" ಎಂದು ಕೊಟ್ಟುಬಿಟ್ಟಳು, ಪಾತ್ರೆ ದಾಟಿಸಿದ ಹಾಗೆ. ಕೂಸಿನ ಸುದ್ದಿ ಬಂದರೆ "ಅದು" ಎನ್ನುತ್ತಿದ್ದಳು. ಯಾರಾದರೂ "ನಿನ್ನ ಮಗ" ಎಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಭಾವ ಅವಳನ್ನು ಬೇಡಿಕೊಂಡದ್ದು ನೆರವೇರುತ್ತದೆಂದು ಹೆಸರಾದ ಹಾಲುರಾಮೇಶ್ವರದ ಗುಡಿಗೆ ಕರೆದುಕೊಂಡು ಹೋಗಿದ್ದನಂತೆ. ಅಲ್ಲಿ ದೇವರ ಮುಂದೆ ನಿಂತು ಗಂಡನಿಗೆ, "ನೀನೇ ಕೇಳ್ಕ. ನಂಗೆ ಕೇಳಕೂ ಭಯ" ಎಂದಳಂತೆ.

"ಕೂಸು ಉಳಿಯಾದು ಬಿಡಾದು ದೇವ್ರ ಕೈಲೈತೆ" ಎಂದಳು ಅವ್ವ, ನನ್ನನ್ನು ಹಿತ್ತಲಿಗೆ ಕರೆದು. "ಆದ್ರೆ ಇವ್ಳು ಅದರ ಮುಖನೇ ನೋಡವಲ್ಲಳಲ್ಲ. ತಾಯಿ ಇದ್ದೂ ತಬ್ಬಲಿ ಆಗೈತೆ ಅದು. ನಾಳೆ ಶಾಸ್ತ್ರ ಮುಗಿಸಿ ತಿಪ್ಪೇಸ್ವಾಮಿ ಅಂತ ಹೆಸರಿಟ್ರೆ ಇವ್ಳಿಗೆ ಧೈರ್ಯ ಬರ್ತೈತೆ. ನೀನು ಬಾಯಿ ಮುಚ್ಕಂಡು ಇರು, ಅಷ್ಟು ಮಾಡು."

ಅಷ್ಟು ಮಾಡಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ? ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಮರುದಿನದ ಶಾಸ್ತ್ರ ವಿವರಿಸಿದಳು. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ತಾಯಿ ಬೆನ್ನು ತಿರುಗಿಸಿ ನಿಲ್ಲಬೇಕು. ದಾರಿಹೋಕನೊಬ್ಬ ಬಂದು ಎತ್ತಿಕೊಳ್ಳಬೇಕು. ಆಗ ತಾಯಿಯನ್ನು "ಈ ಕೂಸು ನಿಂದೇನವ್ವ?" ಎಂದು ಕೇಳಿದರೆ ಅವಳು "ನಂದಲ್ಲ" ಎನ್ನಬೇಕು. ಆಮೇಲೆ ಆ ತಾಯಿಯೇ ಪಾಪ ಯಾರದೋ ಕೂಸು, ಸಾಕಿಕೊಳ್ಳುತ್ತೇನೆ ಎಂದು ಒಂದು ಮೊರ ತೌಡು ಕೊಟ್ಟು ಅದನ್ನು ಕೊಂಡುಕೊಳ್ಳಬೇಕು. ತೌಡಿಗೆ ಸಿಕ್ಕ, ತಿಪ್ಪೆಗೆ ಬಿದ್ದ ಕೂಸನ್ನು ಜವರಾಯ ಮೂಸಿಯೂ ನೋಡುವುದಿಲ್ಲ.

"ಅಜ್ಜೀ, ನೀನು ತಪ್ಪು ತಿಳ್ಕಂಡಿದೀಯ" ಎಂದೆ ನಾನು. ಅವ್ವ ಒಲೆಯ ಮುಂದಿಂದ ಕಣ್ಣು ಬಿಟ್ಟಳು. ನನಗೆ ಕಾಣಲಿಲ್ಲ. ತಟ್ಟೆಯ ಮುದ್ದೆಯನ್ನೇ ದಿಬ್ಬ ಮಾಡಿ, ಸಾರನ್ನು ಸುತ್ತಲೂ ಹರಿಸಿ, ತಿಪ್ಪೆ ಎಂದರೆ ಕಸವಲ್ಲ, ಎತ್ತರದ ಜಾಗ, ತಿಪ್ಪೇಸ್ವಾಮಿ ಎಂದರೆ ಬೆಟ್ಟದೊಡೆಯ, ಮಹಾ ದೊಡ್ಡ ಹೆಸರು, ರಾಜರ ಹೆಸರಿಗೆ ಸಮ ಎಂದು ವಿವರಿಸಿದೆ. ಅಜ್ಜಿ ಬಾಯಿ ತೆರೆದು ಕೇಳಿದಳು.

"ಹಂಗಾದ್ರೆ ಕೂಸ್ನ ಬೆಟ್ಟದ ಮ್ಯಾಲೆ ಮಲಗ್ಸಾಣ ಅಂತೀಯೇನಪ್ಪ?" ಎಂದಳು. "ಯಾರು ಹತ್ತಾರು?"

ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಅಕ್ಕ ನಗಲಿಲ್ಲ. "ಲೇ ತಮ್ಮಾ, ನಿಜವೇನೋ?" ಎಂದಳು. "ದೊಡ್ಡ ಹೆಸರೇನೋ ಅದು?"

"ಬಹಳ ದೊಡ್ಡದು ಅಕ್ಕಾ" ಎಂದೆ ಹೆಮ್ಮೆಯಿಂದ.

"ಹಂಗಾದ್ರೆ ಬ್ಯಾಡ. ಅದಕ್ಕೆ ಆ ಹೆಸರು ಬ್ಯಾಡ. ರಾಜ ಅಂತ ಕರ್ದು ಒಂದ್ಸಲ ಕಳ್ಕಂಡೀನಿ. ಕಸ ಅಂದ್ಕಂಡೇ ನಾನು ಒಪ್ಪಿದ್ದು. ನಾಳೆ ಶಾಸ್ತ್ರನೂ ಬ್ಯಾಡ, ಏನೂ ಬ್ಯಾಡ." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವ್ವ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ನನ್ನ ತಟ್ಟೆಯ ದಿಬ್ಬವನ್ನು ನೋಡಿದಳು. ಅಕ್ಕನಿಗೆ ಬೇಕಾಗಿದ್ದದ್ದು ಇಡೀ ಕನ್ನಡದಲ್ಲಿ ಒಂದೇ ಒಂದು ಬೆಲೆಯಿಲ್ಲದ ಪದ, ಮಗನನ್ನು ಅದರ ಹಿಂದೆ ಬಚ್ಚಿಡಲಿಕ್ಕೆ. ನಾನು ಬಂದವನೇ ಅದಕ್ಕೆ ಕಿರೀಟ ಇಟ್ಟಿದ್ದೆ.

ಆಮೇಲೆ ನಾನು ಮಾಡಿದ್ದು ನನ್ನ ವಿದ್ವತ್ತಿನ ಚರಿತ್ರೆಯಲ್ಲೇ ಅತ್ಯಂತ ಬಿರುಸಿನ ವಾದ. ಎಂಜಲು ಕೈಯಲ್ಲೇ ಹೋಗಿ ಮುಚ್ಚಿದ ಬಾಗಿಲಿಗೆ ಬಾಯಿಟ್ಟು ನನ್ನ ಸಿದ್ಧಾಂತವನ್ನು ನಾನೇ ಹೊಡೆದು ಹಾಕಿದೆ. "ಅಕ್ಕಾ, ಸುಳ್ಳು ಕಣೆ! ಕಸಾನೇ ಅದು. ಅಪ್ಪಟ ಕಸ. ತೆಲುಗರೂ ಪೆಂಟಯ್ಯ ಅಂತ ಇಡ್ತಾರೆ, ಪೆಂಟ ಅಂದ್ರೂ ಕಸಾನೇ. ಹಿರಿಯೂರಲ್ಲಿ ದೊಡ್ಡೋರೊಬ್ರು ಹೇಳ್ಯಾರೆ. ನಂಗೆ ಮೊದ್ಲೇ ಗೊತ್ತಿತ್ತು!"

ಅಕ್ಕ ಒಳಗಿಂದಲೇ ಕೇಳಿದಳು. "ಮತ್ತೆ ಬೆಟ್ಟ ಅಂದ್ಯಲ್ಲ?"

"ಜಂಬಕ್ಕೆ ಅಂದೆ ಕಣೆ."

"ಆಣೆ ಮಾಡು."

"ನನ್ನ ಎಂ.ಎ. ಆಣೆಗೂ ಕಸಾನೇ ಅಕ್ಕಾ!"

"ಅದರ ಆಣೆ ಯಾರಿಗೆ ಬೇಕೋ. ಅವ್ವನ ಮ್ಯಾಲೆ ಮಾಡು."

ಮಾಡಿದೆ. ಬಾಗಿಲು ತೆರೆಯಿತು. ಅವ್ವ ಮತ್ತೊಂದು ಮುದ್ದೆ ಬಡಿಸಿದಳು, ಈ ಸಲ ನಾನದನ್ನು ಬಾಯಿ ಬಿಡದೆ ನುಂಗಿದೆ.

ಮರುದಿನ ಬೆಳಿಗ್ಗೆ ಇನ್ನೊಂದು ಫಜೀತಿ. ದಾರಿಹೋಕಳಾಗಿ ಬರಬೇಕಿದ್ದವಳು ಪಕ್ಕದ ಹಟ್ಟಿಯ ಕುರಿಗಾರರ ಹೆಂಗಸು. ಮೇವು ಸಿಗುತ್ತದೆಂದು ಮಂದೆಯ ಜೊತೆ ಮೇಲಿನ ಸೀಮೆಗೆ ಹೊರಟುಹೋಗಿದ್ದಳು. ಊರಿನವರು ಎತ್ತುವಂತಿಲ್ಲ, ಪರಸ್ಥಳದವರೇ ಆಗಬೇಕು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಹೊಸ ಬೆಲ್ ಬಾಟಮ್ ಪ್ಯಾಂಟು ಹಾಕಿದ್ದೆ, ಒಂದೊಂದು ಕಾಲಿನಲ್ಲಿ ಒಂದೊಂದು ಕೋಳಿ ಸಂಸಾರ ಮಾಡುವಷ್ಟು ಅಗಲದ್ದು.

"ಇವ್ನೇ ಆಗ್ತಾನೆ ಬಿಡು" ಎಂದಳು. "ಈ ಲಂಗ ಹಾಕ್ಕಂಡು ನಿಂತ್ರೆ ಇವ್ನು ನಮ್ಮನೆಯೋನು ಅಂತ ಜವರಾಯಂಗಲ್ಲ, ನಂಗೇ ಗುರ್ತು ಹತ್ತಲ್ಲ."

ಹಿತ್ತಲಿನಲ್ಲಿ ನೆರೆಯ ಹೆಂಗಸರು ಸೇರಿದ್ದರು. ಅಜ್ಜಿ ಮೊರವನ್ನು ತಿಪ್ಪೆಯ ಮೇಲಿಟ್ಟಳು. ಕೂಸು ಕೈಕಾಲು ಆಡಿಸುತ್ತ ಆಕಾಶ ನೋಡುತ್ತಿತ್ತು. ಅಕ್ಕ ಎರಡು ಮಾರು ದೂರದಲ್ಲಿ ಬೆನ್ನು ತಿರುಗಿಸಿ, ಇನ್ನೊಂದು ಮೊರದಲ್ಲಿ ತೌಡು ಹಿಡಿದು ನಿಂತಿದ್ದಳು. ನಾನು ಬೇಲಿಯಾಚೆಯಿಂದ ದಾರಿಹೋಕನ ಹಾಗೆ ಬಂದೆ. ದಾರಿಹೋಕರು ಹೇಗೆ ನಡೆಯುತ್ತಾರೆ ಎಂದು ಯೋಚಿಸಿ ಯೋಚಿಸಿ ನನ್ನ ನಡಿಗೆಯೇ ಮರೆತುಹೋಗಿತ್ತು. ತಿಪ್ಪೆ ಹತ್ತಿದೆ. ಮೇಲೆ ಒಣಗಿದಂತೆ ಕಂಡದ್ದು ಒಳಗೆ ಹಸಿಯಾಗಿತ್ತು. ಬಲಗಾಲು ಮೊಣಕಾಲಿನವರೆಗೆ ಇಳಿಯಿತು, ಪ್ಯಾಂಟಿನ ಅಗಲವೆಲ್ಲ ಗೊಬ್ಬರ ತುಂಬಿಕೊಂಡಿತು. ಬೆಟ್ಟದೊಡೆಯ ಎಂದು ಊರೆಲ್ಲ ಸಾರಿದವನು ಬೆಟ್ಟದೊಳಗೇ ಹೂತುಕೊಂಡಿದ್ದೆ. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು.

"ಯಾರಪ್ಪ ನೀನು? ಏನು ಸಿಕ್ತು ಅಲ್ಲಿ?" ಎಂದು ಅಜ್ಜಿ ಗೊತ್ತಿಲ್ಲದವಳಂತೆ ಕೇಳಿದಳು.

"ಇಲ್ಲೊಂದು ಅನಾಥ ಶಿಶು ದೊರೆತಿದೆ" ಎಂದೆ.

"ಮನುಷ್ಯರು ಮಾತಾಡ್ದಂಗೆ ಮಾತಾಡಲೇ!"

"ಕೂಸು ಅಜ್ಜೀ. ಯಾರ್ದೋ ಕೂಸು. ತಿಪ್ಪೆ ಮ್ಯಾಲೆ ಬಿದ್ದಿತ್ತು."

ಒಂದು ಕಾಲು ಗೊಬ್ಬರದಲ್ಲಿಟ್ಟುಕೊಂಡೇ ಬಗ್ಗಿ ಎತ್ತಿಕೊಂಡೆ. ನನ್ನ ಕೈ ತಣ್ಣಗಿತ್ತೋ ಏನೋ, ಕೂಸು ಕಿಟಾರನೆ ಕಿರುಚಿ ಅಳತೊಡಗಿತು. ಎದೆಗೊತ್ತಿ ತೂಗಿದೆ, ಇನ್ನೂ ಜೋರಾಯಿತು. ಅಜ್ಜಿ ಅಕ್ಕನ ಬೆನ್ನಿನ ಕಡೆ ತಿರುಗಿ, "ಏನವ್ವ, ಈ ಕೂಸು ನಿಂದೇನು?" ಎಂದು ಕೇಳಿದಳು.

ಅಕ್ಕ ಇನ್ನೊಂದು ಹೆಜ್ಜೆ ಆಚೆ ಸರಿದಳು.

"ನಿಂದೇನವ್ವ ಈ ಕೂಸು?"

ಅವಳು ಹಿಡಿದ ಮೊರ ಓರೆಯಾಗಿ ತೌಡು ಅಂಚಿನಿಂದ ಉದುರುತ್ತಿತ್ತು. ಅವ್ವ ಹತ್ತಿರ ಹೋಗಿ ಪಿಸುಗುಟ್ಟಿದಳು. "ನಂದಲ್ಲ ಅನ್ನೇ. ಒಂದು ಮಾತು, ಅಂದ್ಬಿಡೇ ನನ್ನವ್ವ." ಕೂಸು ಉಸಿರು ಕಟ್ಟುವಂತೆ ಅಳುತ್ತಿತ್ತು.

ಅಕ್ಕ ತಿರುಗಿದಳು. ತಿರುಗಬಾರದಿತ್ತು. ಅವಳ ಕುಪ್ಪಸದ ಮುಂಭಾಗವೆಲ್ಲ ಹಾಲು ಸೋರಿ ಒದ್ದೆಯಾಗಿತ್ತು. "ನಂದು" ಎಂದಳು.

"ಅಯ್ಯಯ್ಯೋ!" ಎಂದಳು ಅವ್ವ.

"ನಂದೇ ಕಣಜ್ಜಿ. ನಂದಲ್ಲ ಅಂತ ಹೆಂಗೆ ಅನ್ಲಿ? ಇಷ್ಟು ದಿನ ಅಂದಿದ್ದೇ ಸಾಕು." ಮೊರ ಕೈಬಿಟ್ಟು, ಸೀರೆ ಎತ್ತಿ ಕಟ್ಟುವುದನ್ನೂ ಮರೆತು ತಿಪ್ಪೆ ಹತ್ತಿ ಬಂದು ನನ್ನ ಕೈಯಿಂದ ಕೂಸನ್ನು ಕಿತ್ತುಕೊಂಡಳು. ಸೇರಿದ್ದ ಹೆಂಗಸರ ಕಡೆಗೂ ಅವರಾಚೆಯ ಬಯಲಿನ ಕಡೆಗೂ ನೋಡಿ, ಹಿಂದೆ ನಗುತ್ತಿದ್ದಳಲ್ಲ, ಅದೇ ದೊಡ್ಡ ದನಿಯಲ್ಲಿ ಕೂಗಿದಳು. "ನನ್ನ ಮಗ! ತಿಪ್ಪೇಸ್ವಾಮಿ ಅಂತ ಹೆಸರು! ಕೇಳಿಸ್ತಾ ಎಲ್ಲಾರ್ಗೂ? ಯಾವನು ಬರ್ತಾನೋ ಬರ್ಲಿ, ನಾನು ಕೊಡಲ್ಲ!"

ಅವ್ವ ಹಣೆ ಬಡಿದುಕೊಂಡು, "ಎಲ್ಲ ಕೆಡಿಸ್ಬಿಟ್ಲಲ್ಲೋ, ಓದ್ದೋನು ನೀನು, ಏನಾದ್ರೂ ಹೇಳೋ" ಎಂದಳು. ಓದಿದವನು ಇನ್ನೂ ಗೊಬ್ಬರದಿಂದ ಕಾಲು ಬಿಡಿಸಿಕೊಳ್ಳಲು ಹೆಣಗುತ್ತಿದ್ದೆ. ಅಜ್ಜಿಯೊಬ್ಬಳು ಗಾಬರಿಯಾಗಲಿಲ್ಲ. ಚೆಲ್ಲಿದ ತೌಡನ್ನು ಕೈಯಿಂದ ಬಳಿದು ಮೊರಕ್ಕೆ ತುಂಬುತ್ತ, "ಆತು ಬಿಡ್ರಿ, ಹೆಸ್ರಿಟ್ಟಾತಲ್ಲ. ಎಮ್ಮೆಗೆ ಹಾಕ್ತೀನಿ ಇದ್ನ" ಎಂದು ಕೊಟ್ಟಿಗೆಗೆ ನಡೆದಳು.

ಆ ಹುಡುಗ ಉಳಿದ. ಬೆಳೆದು ದೊಡ್ಡವನಾಗಿ ಈಗ ನನಗೇ ಬುದ್ಧಿ ಹೇಳುತ್ತಾನೆ. ಆದರೆ ಅವತ್ತು ಬೆಳಿಗ್ಗೆ ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಕ್ಕನಿಗೂ ಗೊತ್ತಿರಲಿಲ್ಲ.

ಅವಳು ತಿಪ್ಪೆಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕೂತು ಹಾಲೂಡಿಸತೊಡಗಿದಳು. ಮುಖದ ಮೇಲೆ ಸೆರಗು ಹಾಕಲಿಲ್ಲ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ, ಬಗ್ಗಿ ಕೂಸನ್ನೇ ನೋಡುತ್ತಿದ್ದಳು. ನಾನು ಹೇಗೋ ಕಾಲು ಕಿತ್ತುಕೊಂಡು ಕುಂಟುತ್ತ ಅವಳ ಹತ್ತಿರ ಹೋದೆ.

"ಲೇ ತಮ್ಮಾ, ಇಲ್ಲಿ ನೋಡೋ" ಎಂದಳು. "ಇವ್ನ ಮೂಗು ಯಾರಂಗೈತೋ?"

ಕೂಸಿಗೆ ಆಗಲೇ ಮೂರು ತಿಂಗಳಾಗಿತ್ತು.

"ನಿನ್ನಂಗೇ ಐತೆ ಅಕ್ಕಾ" ಎಂದೆ.